ಮಡ್ ಬ್ಲಾಕ್ ಗೋಡೆ: ಏಳು ಮಳೆಗಾಲ ಕಂಡ ಮೇಲೆ

ಬಳಕೆ: ಬೆಂಗಳೂರು, 30×40 ಅಡಿ ಸೈಟು, ನೆಲಮಹಡಿ ಮತ್ತು ಮೇಲೊಂದು. 230×190×100 ಮಿ.ಮೀ. ಮಡ್ ಬ್ಲಾಕ್ (ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆ), 190 ಮಿ.ಮೀ. ದಪ್ಪದ ಗೋಡೆ, ಹೊರಗಡೆ ಪ್ಲಾಸ್ಟರ್ ಇಲ್ಲ.
ಅಂಕ: ಐದಕ್ಕೆ ಮೂರೂವರೆ. ಕಳೆದುಕೊಂಡ ಒಂದೂವರೆಯಲ್ಲಿ ಒಂದು ಅಂಕ ಕಟ್ಟುವ ರೀತಿಯ ತಪ್ಪಿಗೆ. ಬ್ಲಾಕಿನ ತಪ್ಪು ಅರ್ಧ ಮಾತ್ರ.

ಮಡ್ ಬ್ಲಾಕ್ ಹಾಕಿದರೆ ಫ್ಯಾನೇ ಬೇಡ ಅನ್ನುವ ಮಾತನ್ನು ನಂಬಬೇಡಿ. ಕೆಳಮನೆಗೆ ಅದು ಹೆಚ್ಚುಕಡಿಮೆ ನಿಜ, ಮೇಲ್ಮನೆಗೆ ಅಲ್ಲವೇ ಅಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಕಾಯುವುದು ತಾರಸಿ. 30×40 ಸೈಟಿನಲ್ಲಿ ಎರಡು ಬದಿಗೂ ಮೂರಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ ಇರುತ್ತದೆ, ಅಲ್ಲಿ ಬಿಸಿಲೇ ಬೀಳುವುದಿಲ್ಲ. ಹಾಗಾಗಿ ದಪ್ಪ ಗೋಡೆಯ ಲಾಭ ಕಾಣುವುದು ರಸ್ತೆ ಕಡೆಯ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದಾಗ. ದುಡ್ಡು ಒಂದೇ ಕಡೆ ಹಾಕಲು ಸಾಧ್ಯ ಅನ್ನುವವರು ಮೊದಲು ತಾರಸಿಗೆ ಹಾಕಲಿ.

ಬ್ಲಾಕ್ ವಿಚಾರ. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರ ಇದನ್ನು ಪಳಗಿಸಿ ದಶಕಗಳೇ ಆದವು. ಸುಡುವ ಕೆಲಸವಿಲ್ಲ, ಒತ್ತಿ ನೀರುಣಿಸಿದರೆ ಆಯಿತು. ಸಂಪು ತೋಡಿದ ಕೆಮ್ಮಣ್ಣನ್ನೇ ಬಳಸಬಹುದು. ಮೇಲಿನ ಒಂದಡಿಯಲ್ಲಿ ಬೇರು, ಕಸ ಇರುತ್ತದೆ, ಅದನ್ನು ತೆಗೆದುಹಾಕಿ. ನಮ್ಮ ಕೆಮ್ಮಣ್ಣಿನಲ್ಲಿ ಜೇಡಿ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚು. ಕ್ರಷರ್ ಪುಡಿ ಅಥವಾ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಬೆರೆಸದಿದ್ದರೆ ಬ್ಲಾಕ್ ಒಣಗುವಾಗಲೇ ಸೀಳುತ್ತದೆ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ರಾತ್ರಿಯಿಡೀ ಇಟ್ಟರೆ ಮರಳು, ನುಣ್ಣನೆ ಮಣ್ಣು, ಜೇಡಿ ಪದರ ಪದರವಾಗಿ ಕೂರುತ್ತವೆ. ಕಲಸಿದ ಮಣ್ಣಿನಲ್ಲಿ ಜೇಡಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಸಾಕು.

ನೀರಿನ ಹದ ನೋಡಲು ಒಂದು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಕಮ್ಮಿ, ಚಪ್ಪಟೆಯಾಗಿ ಕೂತರೆ ಜಾಸ್ತಿ.

ಮೋಸ ಆಗುವುದು ಸಿಮೆಂಟಿನಲ್ಲಿ. ಶೇ. 7 ಸಿಮೆಂಟ್, ಒಣಗಿದ ಬ್ಲಾಕಿನ ತೂಕ ಸುಮಾರು 8 ಕೆ.ಜಿ. ಅಂದರೆ 50 ಕೆ.ಜಿ. ಮೂಟೆಗೆ 90ರ ಆಸುಪಾಸು ಬ್ಲಾಕ್ ಬರಬೇಕು. ಖಾಲಿ ಚೀಲ ಎಣಿಸಿ. ಮೂಟೆಗೆ 130 ಬಂದಿದ್ದರೆ ಆ ಲಾಟನ್ನು ಹೊರಗೋಡೆಗೆ ಹತ್ತಿರ ಸೇರಿಸಬೇಡಿ. ಒಂದು ಬ್ಲಾಕನ್ನು ರಾತ್ರಿ ಡ್ರಮ್ಮಿನ ನೀರಿಗೆ ಹಾಕಿ, ಬೆಳಿಗ್ಗೆ ಅಂಚನ್ನು ಉಗುರಿನಿಂದ ಕೆರೆದರೆ ಗುಟ್ಟು ತಿಳಿಯುತ್ತದೆ. ಗೋಣಿ ಹೊದಿಸಿ 21 ದಿನ ನೀರುಣಿಸಿದ್ದನ್ನಷ್ಟೇ ತೆಗೆದುಕೊಳ್ಳಿ. ಒಂದು ಚದರ (ನೂರು ಚದರ ಅಡಿ) ಗೋಡೆಗೆ ಸುಮಾರು 345 ಬ್ಲಾಕ್ ಹಿಡಿಯುತ್ತದೆ, ಒಡೆದುಹೋಗುವುದು ಬೇರೆ.

ಗಾರೆ ಒಂದು ಸಿಮೆಂಟ್, ಒಂದು ಮಣ್ಣು, ಆರು ಮರಳು ಇರಲಿ. ಸ್ಟ್ರಾಂಗ್ ಆಗಲಿ ಅಂತ 1:4 ಸಿಮೆಂಟ್ ಗಾರೆ ಕಲಸುವ ಮೇಸ್ತ್ರಿಗಳೇ ಜಾಸ್ತಿ. ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಬಿರುಕು ಸಂದಿಯಲ್ಲಿ ಹೋಗದೆ ಬ್ಲಾಕನ್ನೇ ಸೀಳಿಕೊಂಡು ಹೋಗುತ್ತದೆ. ಅದನ್ನು ಮುಚ್ಚಲು ಆಗುವುದಿಲ್ಲ.

ಏಳು ವರ್ಷದಲ್ಲಿ ಹಾಳಾದ ಜಾಗಗಳೆಲ್ಲ ನೀರು ಸಿಡಿಯುವ, ಸೋರುವ ಜಾಗಗಳೇ. ಸೈಜುಗಲ್ಲಿನ ಪಾಯ ನೆಲದಿಂದ ಒಂದೂವರೆ ಅಡಿ ಮೇಲೆ ಬಂದಿರುವ ಕಡೆ ಕೆಳವರಸೆ (ಬ್ಲಾಕಿನ ಕೆಳಸಾಲು) ಹಾಗೇ ಇದೆ. ಕಾರು ನಿಲ್ಲಿಸಲು ನೆಲ ಏರಿಸಿದ ಕಡೆ ಮಳೆಹನಿ ಸಿಡಿದು ಎರಡು ವರಸೆ ಅರ್ಧ ಇಂಚು ಸವೆದಿದೆ, ಬೆರಳಿಟ್ಟರೆ ಮರಳು ಉದುರುತ್ತದೆ. ಕಿಟಕಿಯ ಕೆಳಗಲ್ಲಿನ ಅಡಿಯಲ್ಲಿ ಹನಿ ಮುರಿಯುವ ತೋಡು ಬಿಡದಿದ್ದರೆ ಕಪ್ಪು ಗೆರೆ ಖಂಡಿತ. ನೀರು ಹೀರದಂತೆ ಹೊರಗೋಡೆಗೆ ಹೊಡೆಯುವ ಸಿಲಿಕೋನ್ ಲೇಪವನ್ನು ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ಮೂರಡಿ ಸಂದಿಯಲ್ಲಿ ಸಾರುವೆ ಕಟ್ಟಿ ಇದನ್ನು ಮಾಡಿಸುವುದು ಎಷ್ಟು ಕಷ್ಟ ಅಂತ ಯಾರೂ ಮೊದಲೇ ಹೇಳುವುದಿಲ್ಲ. ಪಕ್ಕದ ಗೋಡೆಗಳಿಗೆ ಮೊದಲೇ ಪ್ಲಾಸ್ಟರ್ ಮಾಡಿಸಿ, ಚಂದ ನೋಡುವವರಾದರೂ ಯಾರು ಅಲ್ಲಿ?

ಪ್ಲಾಸ್ಟರ್ ಬಿಟ್ಟರೆ ಒಂದು ಚದರಕ್ಕೆ, ಒಂದು ಬದಿಗೆ, ಮುಕ್ಕಾಲು ಮೂಟೆ ಸಿಮೆಂಟ್ ಉಳಿಯುತ್ತದೆ. ಆ ಉಳಿತಾಯ ತಿಂದುಹಾಕುವುದು ಎಲೆಕ್ಟ್ರಿಕ್ ಕೆಲಸ. ಗೋಡೆ ಎದ್ದ ಮೇಲೆ ಕಟರ್ ಹಿಡಿದು ಬಂದರೆ ತೇಪೆ ಜನ್ಮವಿಡೀ ಕಾಣುತ್ತದೆ. ಸ್ವಿಚ್ ಬೋರ್ಡು, ಇನ್ವರ್ಟರ್, ಗೀಸರ್, ಸೋಲಾರ್ ಪೈಪು ಎಲ್ಲಿ ಅನ್ನುವುದು ಪಾಯ ಹಾಕುವ ಮೊದಲೇ ಹಾಳೆಯ ಮೇಲೆ ಬರಬೇಕು. ಅಡುಗೆಮನೆ, ಬಚ್ಚಲಿನ ಒಳಗೋಡೆಗೆ ಪ್ಲಾಸ್ಟರ್ ಇದ್ದೇ ಇರುತ್ತದೆ, ಪೈಪುಗಳನ್ನೆಲ್ಲ ಅಲ್ಲಿಗೇ ತಂದರೆ ಅರ್ಧ ತಲೆನೋವು ಮುಗಿಯಿತು.

ತಾರಸಿಗೆ ಫಿಲ್ಲರ್ ಸ್ಲ್ಯಾಬ್ (ಕಾಂಕ್ರೀಟಿನ ಒಂದು ಪಾಲಿನ ಬದಲು ಹೆಂಚು ತುಂಬಿದ ತಾರಸಿ) ಹಾಕುವುದಾದರೆ ಮಂಗಳೂರು ಹೆಂಚನ್ನು ಎರಡೆರಡು ಜೋಡಿಸಿ, ನಡುವೆ ಗಾಳಿ ಉಳಿಯುವಂತೆ ಕಂಬಿಗಳ ಮಧ್ಯೆ ಇಡಬೇಕು. ಕಾಂಕ್ರೀಟ್ ಹಾಕುವ ಮೊದಲು ಹೆಂಚು ನೆನೆದಿರಲಿ, ಇಲ್ಲದಿದ್ದರೆ ಕಾಂಕ್ರೀಟಿನ ನೀರು ಕುಡಿದುಬಿಡುತ್ತದೆ. ಕೆಲಸದವರು ಹೆಂಚಿನ ಮೇಲೆ ಹಲಗೆ ಹಾಸಿ ನಡೆಯಲಿ. ಫ್ಯಾನಿನ ಕೊಕ್ಕೆ ಹೆಂಚಿನ ಕೆಳಗೆ ಬರದಂತೆ ಜಾಗ ಗುರುತಿಸಿ. ಕೊನೆಗೆ ಮೇಲೆ ಬಿಳಿ ಟೈಲ್ಸ್. ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ನಿಂತು, ಆಮೇಲೆ ಬರೀ ಸಿಮೆಂಟ್ ತಾರಸಿಗೆ ಕಾಲಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ.

ಕೆಲಸ ಮುಗಿದಾಗ ಅದೇ ಲಾಟಿನ 150 ಬ್ಲಾಕ್ ಮೆಟ್ಟಿಲ ಕೆಳಗೆ ಎತ್ತಿಡಿ. ಮಣ್ಣು ಬದಲಾದರೆ ಬಣ್ಣವೂ ಬದಲಾಗುತ್ತದೆ, ಆಮೇಲೆ ಹುಡುಕಿದರೆ ಅಂಥದ್ದು ಸಿಗುವುದಿಲ್ಲ.