ಸೆಕೆಂಡ್ ಹ್ಯಾಂಡ್ ಕವಾಸಕಿ ನಿಂಜಾ 1000: ಚಿಕ್ಕಮಗಳೂರಿನಲ್ಲಿ ಎರಡು ವರ್ಷ ಓಡಿಸಿದ ಮೇಲೆ

ಪೆಟ್ರೋಲ್ ಬಂಕಿನಲ್ಲಿ, ಟೀ ಅಂಗಡಿ ಮುಂದೆ, ಮದುವೆ ಮನೆಯಲ್ಲೂ ಈ ಬೈಕು ನೋಡಿದ ಜನ ಕೇಳುವುದು ಎರಡೇ ಪ್ರಶ್ನೆ. "ಎಷ್ಟು ಕೊಡುತ್ತೆ?" "ಎಷ್ಟಕ್ಕೆ ಬಿತ್ತು?" ಮೊದಲು ಅವನ್ನೇ ಮುಗಿಸಿಬಿಡೋಣ. ಊರೊಳಗೆ ಲೀಟರಿಗೆ 14, 15 ಕಿಲೋಮೀಟರ್ ಕೊಡುತ್ತದೆ. ಹಾಸನ ದಾಟಿದ ಮೇಲೆ ನೂರರ ಆಸುಪಾಸಿನಲ್ಲಿ ಸುಮ್ನೆ ಹೋಗುತ್ತಿದ್ದರೆ 19ರ ಹತ್ತಿರ. ಇನ್ನು ಬೆಲೆ. 2017ರಲ್ಲಿ ಈ ಮಾದರಿಯನ್ನು ಭಾರತದಲ್ಲೇ ಜೋಡಿಸಿ ಮಾರಲು ಶುರು ಮಾಡಿದಾಗ ದೆಹಲಿ ಶೋರೂಮ್ ಬೆಲೆ 9.98 ಲಕ್ಷ ಇತ್ತು. ಕರ್ನಾಟಕದಲ್ಲಿ ತೆರಿಗೆ, ವಿಮೆ ಎಲ್ಲ ಸೇರಿ ರಸ್ತೆಗೆ ಇಳಿಯುವಷ್ಟರಲ್ಲಿ ಇನ್ನೂ ಎರಡು ಲಕ್ಷ ಮೇಲೆ. ನನ್ನದು 2018ರ ಗಾಡಿ. ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ತಂದೆ.

ನನಗೆ ಬೇಕಾಗಿದ್ದು ಬೆಳಗ್ಗೆ ಇಲ್ಲಿಂದ ಹೊರಟು ಬೆಂಗಳೂರಿನಲ್ಲಿ ಕೆಲಸ ಮುಗಿಸಿ, ಮರುದಿನ ಮೈಕೈ ನೋವಿಲ್ಲದೆ ವಾಪಸ್ ಬರುವ ಬೈಕು. ಹಿಂದೆ ಹೆಂಡತಿ ಕೂರಬೇಕು. ಎರಡು ದಿನದ ಬಟ್ಟೆ ಹಿಡಿಸಬೇಕು. ಲಾರಿ ಹಿಂದಿಕ್ಕುವಾಗ ಮೂರು ಸಲ ಯೋಚನೆ ಮಾಡುವಂತೆ ಇರಬಾರದು. ಪೂರ್ತಿ ರೇಸ್ ಬೈಕಿನಲ್ಲಿ ಬಗ್ಗಿ ಕೂತರೆ ಬೇಲೂರು ಬರುವಷ್ಟರಲ್ಲಿ ಮಣಿಕಟ್ಟು ಕೈಕೊಡುತ್ತದೆ. ಅಡ್ವೆಂಚರ್ ಬೈಕುಗಳು ನನ್ನ ಎತ್ತರಕ್ಕೆ ಆಗಿಬರಲಿಲ್ಲ. ಸ್ಪೋರ್ಟ್ಸ್ ಟೂರರ್ ಇವೆರಡರ ಮಧ್ಯೆ ಬರುತ್ತದೆ. ಇದರದ್ದು 1043 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, 142 ಪಿಎಸ್ ಶಕ್ತಿ. ಆದರೆ ಹ್ಯಾಂಡಲ್ ಎತ್ತರಕ್ಕಿದೆ, ಬೆನ್ನು ಜಾಸ್ತಿ ಬಗ್ಗುವುದಿಲ್ಲ. ಇದರ ತಮ್ಮ ನಿಂಜಾ 650 ಕೂಡ ನೋಡಿದ್ದೆ. ಒಬ್ಬರೇ ಓಡಾಡುವವರಿಗೆ ಅದು ಧಾರಾಳವಾಗಿ ಸಾಕು, ಸುಮಾರು 40 ಕೆಜಿ ಹಗುರ ಬೇರೆ.

ಕರ್ನಾಟಕದ ನಂಬರಿನ ಗಾಡಿಯೇ ಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಬೇರೆ ರಾಜ್ಯದ ದೊಡ್ಡ ಬೈಕು ಒಂದು ಲಕ್ಷ ಕಡಿಮೆಗೆ ಸಿಗುತ್ತದೆ, ನಿಜ. ಆದರೆ ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಜೀವಮಾನ ತೆರಿಗೆ ಮತ್ತೆ ಕಟ್ಟಬೇಕು. ಒಂದು ಲಕ್ಷಕ್ಕಿಂತ ಜಾಸ್ತಿ ಬೆಲೆಯ ಹೊಸ ಬೈಕಿಗೆ ನಮ್ಮಲ್ಲಿ ಶೇಕಡಾ 18 ತೆರಿಗೆ. ಹಳೆಯದಕ್ಕೆ ವಯಸ್ಸಿನ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಆದರೂ ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತದೆ, ಓಡಾಟ ಬೇರೆ. ರಾಜ್ಯದ ಒಳಗಿನ ಗಾಡಿಯಾದರೆ ಹೆಸರು ಬದಲಾಯಿಸಲು ಫಾರಂ 29, ಫಾರಂ 30. ಸಾಲದ ಮೇಲೆ ತೆಗೆದಿದ್ದ ಗಾಡಿಯಾದರೆ ಬ್ಯಾಂಕು ಸಹಿ ಮಾಡಿದ ಫಾರಂ 35. ಮಾರುವವರು "ಸಾಲ ತೀರಿದೆ ಸಾರ್" ಅಂದರೆ ಸಾಲದು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹೋಗಿರಬೇಕು. ಎಂ ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕರು, ವಿಮೆ ಎಲ್ಲಿಯವರೆಗೆ ಇದೆ ಅನ್ನುವುದು ಕೂತಲ್ಲೇ ಗೊತ್ತಾಗುತ್ತದೆ. ಬೆಂಗಳೂರಿನ ಗಾಡಿಯಾದರೆ ಟ್ರಾಫಿಕ್ ದಂಡ ಎಷ್ಟು ಬಾಕಿ ಇದೆ ಅಂತಲೂ ನೋಡಿ. ಕೆಲವರದ್ದು ಒಂದು ಒಳ್ಳೆ ಹೆಲ್ಮೆಟ್ ಬೆಲೆಯಷ್ಟು ಇರುತ್ತದೆ.

ನಮ್ಮೂರಿನ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಹೋದವರೇ ಅವರು ಮಾತಾಡದೆ ಎಂಜಿನ್ ಮೇಲೆ ಕೈಯಿಟ್ಟರು. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ತಣ್ಣಗಿರುವಾಗಿನ ಸದ್ದು ಕೇಳಲು ಸಿಗುವುದಿಲ್ಲ. ಆಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಫ್ರೇಮಿಗೆ ತಾಗುವ ಸ್ಟಾಪರ್ ನೋಡಿದರು. ಜೋರಾಗಿ ಬಿದ್ದ ಗಾಡಿಯ ಫೇರಿಂಗ್ (ಹೊರಗಿನ ಪ್ಲಾಸ್ಟಿಕ್ ಹೊದಿಕೆ) ಬದಲಾಯಿಸಬಹುದು, ಬಣ್ಣ ಹೊಡೆಸಬಹುದು. ಸ್ಟಾಪರ್ ಬಾಗಿದ್ದನ್ನು ಮುಚ್ಚುವವರು ಕಡಿಮೆ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದೆಯಾ, ಚೈನು ಕೂರುವ ಸ್ಪ್ರಾಕೆಟಿನ ಹಲ್ಲು ಕೊಕ್ಕೆಯಂತೆ ಬಾಗಿದೆಯಾ, ಹೊಟ್ಟೆಯ ಕೆಳಗೆ ಸೈಲೆನ್ಸರ್ ಪೈಪು ತರಚಿದೆಯಾ, ಹ್ಯಾಂಡಲ್ ಕೆಳಗೆ ಫ್ರೇಮಿನ ಮೇಲೆ ಕೊರೆದ ಚಾಸಿ ನಂಬರ್ ಆರ್‌ಸಿ ಜೊತೆ ಕೂಡುತ್ತದಾ, ಎಲ್ಲ ನೋಡಿದ್ದಾಯಿತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಇನ್ನೂ ಆಳವಾಗಿವೆ ಅಂತ ಮಾರುವವರು ತೋರಿಸಿದರೂ, ರಬ್ಬರ್ ಗಟ್ಟಿಯಾಗಿದ್ದರೆ ಆ ಟೈರು ಘಾಟಿಗೆ ಬೇಡ. ನಾವು ಹೊಸ ಜೋಡಿ ಟೈರಿನ ಬೆಲೆ ಹಿಡಿದೇ ಚೌಕಾಸಿ ಮಾಡಿದೆವು. ಅದು ಮೂವತ್ತು ಸಾವಿರದ ಮೇಲಿನ ಮಾತು.

ಇನ್ನು ಒಗ್ಗಿಕೊಳ್ಳುವ ವಿಷಯ. ಇಂಥ ಬೈಕಿನ ಬಗ್ಗೆ ಎಲ್ಲರೂ ಹೆದರಿಸುವುದು ಸ್ಪೀಡಿನ ಹೆಸರಲ್ಲಿ. ನನಗೆ ಸ್ಪೀಡಿಗೆ ಹೊಂದಿಕೊಳ್ಳಲು ಕಷ್ಟವೇ ಆಗಲಿಲ್ಲ. ಕಷ್ಟ ಇದ್ದದ್ದು ನಿಂತ ಗಾಡಿಯಲ್ಲಿ. ತೂಕ 240 ಕೆಜಿ ಹತ್ತಿರ, ಅಂದರೆ ಐದು ಮೂಟೆ ಕಾಫಿ. ಮಲೆನಾಡಿನ ಮನೆಯ ಅಂಗಳ ಯಾವುದು ಸಮತಟ್ಟಾಗಿದೆ ಹೇಳಿ? ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಒಬ್ಬರೇ ಹಿಂದಕ್ಕೆ ತಳ್ಳಲು ಆಗುವುದೇ ಇಲ್ಲ, ರಿವರ್ಸ್ ಗೇರ್ ಇಲ್ಲವಲ್ಲ. ಮೂತಿ ಮೇಲೆ ಮಾಡಿ, ಫಸ್ಟ್ ಗೇರಿನಲ್ಲಿಟ್ಟು ಸ್ಟ್ಯಾಂಡ್ ಹಾಕುವುದು ಈಗ ಅಭ್ಯಾಸವಾಗಿದೆ. ಸೀಟಿನ ಎತ್ತರ 815 ಮಿಲಿಮೀಟರ್. ನನ್ನ ಎತ್ತರಕ್ಕೆ ಎರಡೂ ಪಾದದ ಮುಂಭಾಗ ಊರುತ್ತದೆ, ಹಿಮ್ಮಡಿ ಊರುವುದಿಲ್ಲ. ಜಲ್ಲಿ ಬಿದ್ದ ಕಡೆ ನಿಲ್ಲಿಸುವಾಗ ಕಾಲಿಡುವ ಜಾಗ ಮೊದಲೇ ನೋಡಿಕೊಳ್ಳುತ್ತೇನೆ. ಒಮ್ಮೆ ವಾಲಿತು ಅಂದರೆ ಅಷ್ಟು ತೂಕವನ್ನು ಕಾಲಲ್ಲಿ ತಡೆಯಲು ಆಗುವುದಿಲ್ಲ, ಗಾಡಿ ಮಲಗಿಯೇಬಿಡುತ್ತದೆ. ಕ್ಲಚ್ಚು ಮಾತ್ರ ಆಶ್ಚರ್ಯ ಆಗುವಷ್ಟು ಹಗುರ.

ಎರಡನೆಯದು ಹಂಪು. ನೆಲಕ್ಕೂ ಹೊಟ್ಟೆಗೂ ನಡುವೆ ಇರುವುದು 130 ಮಿಲಿಮೀಟರ್. ನಮ್ಮ ಹಳ್ಳಿಗಳ ಹಂಪು ಹಾಕುವವರು ಯಾವ ಅಳತೆಗೂ ಬಗ್ಗುವವರಲ್ಲ. ಒಬ್ಬನೇ ಇದ್ದರೆ ನಿಧಾನಕ್ಕೆ ಓರೆಯಾಗಿ ಹತ್ತಿಸಿದರೆ ದಾಟುತ್ತದೆ. ಹಿಂದೆ ಒಬ್ಬರು ಕೂತಿದ್ದು, ಪಕ್ಕದ ಸಾಮಾನಿನ ಪೆಟ್ಟಿಗೆಗಳೂ ತುಂಬಿದ್ದರೆ ಸೀಟಿನ ಕೆಳಗೆ ಪಕ್ಕದಲ್ಲಿರುವ ಗುಂಡಿ ತಿರುಗಿಸಿ ಹಿಂದಿನ ಸಸ್ಪೆನ್ಷನ್ ಬಿಗಿ ಮಾಡಬೇಕು. ಸ್ಪ್ಯಾನರ್ ಬೇಡ, ಕೈಯಲ್ಲೇ ಆಗುತ್ತದೆ. ಇದೊಂದು ಸೌಲಭ್ಯಕ್ಕೆ ನಾನು ಈ ಬೈಕಿಗೆ ಜಾಸ್ತಿ ಅಂಕ ಕೊಡುತ್ತೇನೆ.

ಘಾಟಿಯಲ್ಲಿ ಇದನ್ನು ಓಡಿಸುವ ಗುಟ್ಟು ಮೂರನೇ ಗೇರು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ತೀರಾ ಬಿಗಿಯಾದ ತಿರುವು ಬಿಟ್ಟರೆ ಬೇರೆ ಗೇರು ಬೇಕಾಗುವುದು ಅಪರೂಪ. 111 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ) ಇರುವುದರಿಂದ ಕಡಿಮೆ ವೇಗದಲ್ಲೂ ಎಂಜಿನ್ ಕುಂಟುವುದಿಲ್ಲ. ಮೂರರಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಅರ್ಧ ಬ್ರೇಕು ಎಂಜಿನ್ನೇ ಹಿಡಿಯುತ್ತದೆ. ಚಿಕ್ಕ ಬೈಕಿನಲ್ಲಿ ತಿರುವಿಗೊಮ್ಮೆ ಗೇರು ಹಾಕಿ ತೆಗೆದು ಮಾಡುವವರಿಗೆ ಇದು ಮೊದಲು ಬೇಜಾರು ಅನ್ನಿಸಬಹುದು. ನನಗೆ ಅದೇ ಇಷ್ಟ. ಕಣ್ಣು ರಸ್ತೆ ಮೇಲೆ ಇರುತ್ತದೆ, ಕೆಎಸ್‌ಆರ್‌ಟಿಸಿ ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಂಡು ಬರುವಾಗ ಗೇರಿನ ಯೋಚನೆ ಇರುವುದಿಲ್ಲ.

ನೆಲ ಒದ್ದೆಯಾದರೆ ಬೇರೆ ಕಥೆ. ಜೂನ್ ಮಳೆಗಿಂತ ನಾನು ಹೆದರುವುದು ಮಾರ್ಚಿನ ಹೂಮಳೆಗೆ. ತಿಂಗಳುಗಟ್ಟಲೆ ರಸ್ತೆ ಮೇಲೆ ಕೂತ ಎಣ್ಣೆ, ಧೂಳು ಎಲ್ಲ ಮೊದಲ ಅರ್ಧ ಗಂಟೆಯಲ್ಲಿ ಎದ್ದು ಬರುತ್ತದೆ. ಕೊಯ್ಲಿನ ಸಮಯದಲ್ಲಿ ತೋಟದ ಗೇಟಿನ ಎದುರು ಟ್ರ್ಯಾಕ್ಟರ್ ಚಕ್ರದ ಮಣ್ಣು. ಜುಲೈ, ಆಗಸ್ಟಿನಲ್ಲಿ ಆಲ್ದೂರು, ಬಾಳೆಹೊನ್ನೂರು ಕಡೆ ನೆರಳಿರುವ ತಿರುವುಗಳ ಅಂಚಿಗೆ ಪಾಚಿ, ಅದರ ಮೇಲೆ ಸಿಲ್ವರ್ ಓಕ್ ಎಲೆ. ಹಿಂದಿನ ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲಿಗೆ ಮೂರು ಹಂತ ಇದೆ, ಮಳೆಯಲ್ಲಿ ಮೂರಕ್ಕೇ ಇಡುತ್ತೇನೆ. ಎಲ್ (ಲೋ ಪವರ್) ಮೋಡ್ ಹಾಕಿದರೆ ಶಕ್ತಿ ಸುಮಾರು 70 ಶೇಕಡಾಕ್ಕೆ ಇಳಿದು ಎಳೆತ ಮೆತ್ತಗಾಗುತ್ತದೆ. ಆದರೆ ಮುಂದಿನ ಚಕ್ರ ಪಾಚಿ ಮೇಲೆ ಜಾರಿದರೆ ಯಾವ ಎಲೆಕ್ಟ್ರಾನಿಕ್ಸೂ ಕಾಯುವುದಿಲ್ಲ. ಅದಕ್ಕೆ ಮಳೆಗಾಲದ ಎರಡು ತಿಂಗಳು ಇದು ಹೆಚ್ಚಾಗಿ ಶೆಡ್ಡಿನಲ್ಲೇ ಇರುತ್ತದೆ.

ಆ ಶೆಡ್ಡಿನ ವಾಸವೂ ಸುಲಭ ಅಲ್ಲ. ಇಲಿಗೆ ವೈರಿನ ರಬ್ಬರ್ ಅಂದರೆ ಪ್ರೀತಿ. ಜಾಕೆಟ್ಟು, ಗ್ಲೌಸಿಗೆ ಒಂದೇ ವಾರದಲ್ಲಿ ಬೂಷ್ಟು. ಹಿಂದಿನ ಮಾಲೀಕರು ಹಾಕಿಸಿದ್ದ ಎಕ್ಸ್‌ಟ್ರಾ ಲೈಟಿನ ವೈರಿಂಗು, ಕೀ ತೆಗೆದ ಮೇಲೂ ಕರೆಂಟ್ ಎಳೆಯುತ್ತಿತ್ತು. ಬ್ಯಾಟರಿ ಪದೇ ಪದೇ ಸಾಯುತ್ತಿದ್ದದ್ದು ಅದಕ್ಕೇ ಅಂತ ಗೊತ್ತಾಗಲು ಒಂದು ಮಳೆಗಾಲ ಬೇಕಾಯಿತು. ಹೊರಗಿನ ಸಾಮಾನು ಹಾಕಿಸಿದ ಗಾಡಿ ತೆಗೆದುಕೊಳ್ಳುವವರು ಮೊದಲ ವಾರವೇ ಎಲ್ಲ ಬಿಚ್ಚಿಸಿ ನೋಡಿ. ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ತೇವ ಎಳೆಯುತ್ತದೆ. ನಮ್ಮ ಹವೆಯಲ್ಲಿ ಅರ್ಧ ಖಾಲಿ ಟ್ಯಾಂಕು ಬಿಡುವುದು ಬೇಡ. ನಿಲ್ಲಿಸುವ ಮೊದಲು 19 ಲೀಟರ್ ಪೂರ್ತಿ ತುಂಬಿಸುತ್ತೇನೆ.

ಉಳಿದ ಆರೈಕೆ ದೊಡ್ಡದೇನಲ್ಲ. ಚೈನಿಗೆ ಐನೂರು ಕಿಲೋಮೀಟರಿಗೊಮ್ಮೆ ಲ್ಯೂಬ್, ಮಳೆಯಲ್ಲಿ ನೆನೆದರೆ ಅವತ್ತೇ. ಗಾಳಿ ಮುಂದೆ 36, ಹಿಂದೆ 42. ಬಂಕಿನ ಹುಡುಗರು "ಅಣ್ಣ, 42 ಜಾಸ್ತಿ ಆಗಲ್ವಾ?" ಅಂತ ಪ್ರತಿಸಲ ಕೇಳುತ್ತಾರೆ. ಆಯಿಲ್, ಫಿಲ್ಟರ್ ಇಲ್ಲೇ ಬದಲಾಗುತ್ತದೆ. ದೊಡ್ಡ ಸರ್ವಿಸಿಗೆ ಬೆಂಗಳೂರಿಗೇ ಹೋಗುತ್ತೇನೆ. ಬಿಡಿಭಾಗ ಆರ್ಡರ್ ಮಾಡಿ ವಾರಗಟ್ಟಲೆ ಕಾದದ್ದೂ ಇದೆ. ಬ್ರೇಕ್, ಕ್ಲಚ್ ಲಿವರ್ ಒಂದು ಜೊತೆ ಮನೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಯಾಕೆ ಸಹಿಸಿಕೊಳ್ಳಬೇಕು ಅಂದರೆ ಹಾಸನದಿಂದ ಆಚೆಯ ನಾಲ್ಕು ಪಥದ ರಸ್ತೆಗೆ. ಆರನೇ ಗೇರಿನಲ್ಲಿ ನೂರು ಮುಟ್ಟಿದಾಗ ಎಂಜಿನ್ ಸುಮಾರು 4,000 ಆರ್‌ಪಿಎಂನಲ್ಲಿ ಇರುತ್ತದೆ. ಮೂರು ಹಂತದ ಗಾಜನ್ನು ಪೂರ್ತಿ ಎತ್ತಿದರೆ ಎದೆಗೆ ಗಾಳಿ ಬಡಿಯುವುದಿಲ್ಲ. ಮೊದಲಿದ್ದ 350 ಸಿಸಿ ಗಾಡಿಯಲ್ಲಿ ಕುಣಿಗಲ್ ಬರುವಷ್ಟರಲ್ಲಿ ಹೆಂಡತಿ ಇಳಿದು ಬಸ್ಸು ಹತ್ತುತ್ತೇನೆ ಅನ್ನುತ್ತಿದ್ದಳು. ಈಗ ಯಡಿಯೂರಿನಲ್ಲಿ ಕಾಫಿಗೆ ನಿಲ್ಲಿಸಿದರೆ, ಇಷ್ಟು ಬೇಗ ಯಾಕೆ ನಿಲ್ಲಿಸಿದಿರಿ ಅನ್ನುತ್ತಾಳೆ. ಪಕ್ಕದ ಪೆಟ್ಟಿಗೆಗಳು ಒಂದೊಂದೂ 28 ಲೀಟರ್, ಒಂದು ಹೆಲ್ಮೆಟ್ ಹಿಡಿಸುತ್ತದೆ. ನೆಲಮಂಗಲದ ಜಾಮಿನಲ್ಲಿ ಮಾತ್ರ ಅದೇ ಪೆಟ್ಟಿಗೆ ತೊಂದರೆ, ಎಲ್ಲೂ ನುಗ್ಗುವಂತಿಲ್ಲ. ಜೊತೆಗೆ ಫ್ಯಾನ್ ತಿರುಗಿ ಕಾಲಿಗೆ ಬಿಸಿ. ನಮ್ಮೂರಿನ ಚಳಿಗೆ ಆ ಬಿಸಿ ಹಿತ, ಬೆಂಗಳೂರಿನ ಏಪ್ರಿಲಿಗೆ ಅಲ್ಲ.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸುತ್ತಲು ಬೈಕು ಬೇಕು ಅನ್ನುವವರು ಇದನ್ನು ತೆಗೆದುಕೊಳ್ಳಬೇಡಿ. ಕೈಮರದಿಂದ ಮೇಲೆ ಇಕ್ಕಟ್ಟಾದ ರಸ್ತೆ, ಶನಿವಾರ ಭಾನುವಾರ ಪ್ರವಾಸಿಗರ ಕಾರಿನ ಸಾಲು. ಅಲ್ಲಿಗೆ ಯಾವುದಾದರೂ 150 ಸಿಸಿ ಬೈಕು ಸಾಕು. ನಾನೂ ಅಲ್ಲಿಗೆ ಹೋಗುವಾಗ ಸ್ನೇಹಿತನ ಚಿಕ್ಕ ಬೈಕನ್ನೇ ಕೇಳಿ ಪಡೆಯುತ್ತೇನೆ.

ದುಡ್ಡು ಇನ್ನೂ ಸ್ವಲ್ಪ ಹಾಕಬಲ್ಲವರು ಇದರ ಮುಂದಿನ ಮಾದರಿ, 2020ರ ನಂತರದ 1000 ಎಸ್‌ಎಕ್ಸ್ ಕೂಡ ನೋಡಿ. ಅದರಲ್ಲಿ ಆಕ್ಸಿಲರೇಟರ್ ಹಿಡಿಯದೆಯೇ ವೇಗ ಕಾಯುವ ಕ್ರೂಸ್ ಕಂಟ್ರೋಲ್, ಕ್ಲಚ್ಚು ಹಿಡಿಯದೆ ಗೇರು ಬದಲಿಸುವ ಕ್ವಿಕ್ ಶಿಫ್ಟರ್ ಇದೆ. ನನ್ನದರಲ್ಲಿ ಇರುವುದು ಹಳೆ ಕಾಲದ ಕೇಬಲ್ ಥ್ರಾಟಲ್, ಅಂದರೆ ತಂತಿ ಎಳೆಯುವ ಆಕ್ಸಿಲರೇಟರ್. ಅದರ ಬಗ್ಗೆ ನನಗೆ ತಕರಾರಿಲ್ಲ. ಹಿರೀಸಾವೆ ಹತ್ತಿರ ಬಲಗೈ ಮರಗಟ್ಟಲು ಶುರುವಾದಾಗ ಮಾತ್ರ ಎಸ್‌ಎಕ್ಸ್ ನೆನಪಾಗುತ್ತದೆ.