ಡೈಪರ್ ಮೇಲಿನ ಪೆನ್ನಿನ ಗೀಟು: ಕೂಸನ್ನು ಡೇ ಕೇರ್‌ಗೆ ಬಿಡುವ ಮುಂಚೆ ಇದನ್ನು ಓದಿ

ಏಳು ತಿಂಗಳ ಕೂಸು. ಸಂಜೆ ಮನೆಗೆ ಬಂದು ಬಟ್ಟೆ ಬಿಚ್ಚಿದರೆ ಎರಡೂ ತೊಡೆಯ ಸಂದಿಯಲ್ಲಿ ಬೆರಳಗಲದ ಕೆಂಪು ಪಟ್ಟಿ. ಮೊದಲ ದಿನ ಅಪ್ಪ ಅಮ್ಮ ಡೈಪರ್‌ನ ಎಲಾಸ್ಟಿಕ್ ಒತ್ತಿರಬೇಕು ಅಂದುಕೊಂಡರು. ನಾಲ್ಕನೇ ದಿನವೂ ಅದೇ ಪಟ್ಟಿ, ಜೊತೆಗೆ ಎರಡೂ ಹೆಗಲ ಮೇಲೆ ಒಂದೊಂದು. ಗಲ್ಲದ ಕೆಳಗಿನ ಮಡಿಕೆಯಲ್ಲಿ ಜೊಲ್ಲು ನಿಂತು ಚರ್ಮ ಕೆಂಪಾಗಿತ್ತು. ಡೈಪರ್ ಎಲಾಸ್ಟಿಕ್ ಹೆಗಲಿಗೆ ಬರುವುದಿಲ್ಲವಲ್ಲ. ಅದು ಕಾರ್ ಸೀಟಿನ, ಅಂದರೆ ಕಾರಿನಲ್ಲಿ ಕೂಸನ್ನು ಬಿಗಿದು ಕೂರಿಸುವ ಪುಟ್ಟ ಕುರ್ಚಿಯ ಬೆಲ್ಟ್ ಗುರುತು. ಡೇ ಕೇರ್‌ನಲ್ಲಿ ಮಗುವನ್ನು ದಿನದ ಬಹುಪಾಲು ಅದರಲ್ಲೇ ಬಿಗಿದು ಕೂರಿಸಿದ್ದರು, ಅದು ಅದರಲ್ಲೇ ನಿದ್ದೆ ಹೋಗುತ್ತಿತ್ತು.

ಡೇ ಕೇರ್‌ನ ಹೆಸರು ಇಲ್ಲಿ ಬೇಡ, ಇದು ಎಲ್ಲಿ ಬೇಕಾದರೂ ನಡೆಯುವಂಥದ್ದು. ಗೋಡೆಗೆ ಹೊಸ ಬಣ್ಣ, ಮೂಲೆಮೂಲೆಗೆ ಕ್ಯಾಮೆರಾ, ಆಪ್‌ನಲ್ಲಿ ದಿನಾ ಹತ್ತು ಫೋಟೊ, ಎಲ್ಲರಿಂದಲೂ ಐದು ಸ್ಟಾರ್. ಸೇರಿಸುವ ಮುಂಚೆ ಹೋಗಿ ನೋಡಿಯೂ ಬಂದಿದ್ದರು, ಅದೂ ಬೆಳಿಗ್ಗೆ 11 ಗಂಟೆಗೆ. ಆ ಹೊತ್ತಿಗೆ ಯಾವ ಡೇ ಕೇರ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಮಕ್ಕಳ ಹೊಟ್ಟೆ ತುಂಬಿರುತ್ತದೆ, ಟೀಚರ್‌ಗಳೆಲ್ಲ ಬಂದಿರುತ್ತಾರೆ, ಯಾರಿಗೂ ಸುಸ್ತಾಗಿರುವುದಿಲ್ಲ.

ಅನುಮಾನ ಬಂದ ಮೇಲೆ ಆ ಅಮ್ಮ ಮಾಡಿದ ಪರೀಕ್ಷೆ ತೀರಾ ಸರಳ. ಬೆಳಿಗ್ಗೆ ಹಾಕಿದ ಡೈಪರ್‌ನ ಹೊರ ಅಂಚಿನಲ್ಲಿ ಪೆನ್ನಿಂದ ಒಂದು ಸಣ್ಣ ಗೀಟು ಎಳೆದರು. 9 ಗಂಟೆಗೆ ಬಿಟ್ಟ ಮಗು 5 ಗಂಟೆಗೆ ಅದೇ ಗೀಟಿನ ಡೈಪರ್‌ನಲ್ಲಿ ವಾಪಸ್ ಬಂತು. ಡೇ ಕೇರ್ ಕೊಟ್ಟ ಹಾಳೆಯಲ್ಲಿ ಮಾತ್ರ ನಾಲ್ಕು ಸಲ ಬದಲಾಯಿಸಿದ್ದಾಗಿ ಬರೆದಿತ್ತು. (ಬ್ಯಾಗಿನಲ್ಲಿ ಉಳಿದ ಡೈಪರ್ ಎಣಿಸಿ ಪ್ರಯೋಜನವಿಲ್ಲ. ಬಳಸದ ಡೈಪರನ್ನು ತೆಗೆದಿಟ್ಟುಕೊಳ್ಳುವುದು ಕಷ್ಟದ ಕೆಲಸವೇನಲ್ಲ.)

ಆಮೇಲೆ ಆ ಹಾಳೆಗಳನ್ನೇ ಸಾಲಾಗಿ ಇಟ್ಟು ನೋಡಿದಾಗ ಉಳಿದದ್ದೂ ಕಾಣಿಸಿತು. ಎರಡು ವಾರ ದಿನಾ ‘ನಿದ್ದೆ 1.00–2.30’. ಹಾಲು ದಿನಾ ಪೂರ್ತಿ ಖಾಲಿ. ಎಲ್ಲ ಸಾಲೂ ಒಂದೇ ಪೆನ್ನು, ಒಂದೇ ಓಟದ ಅಕ್ಷರ. ನಿಜವಾದ ಕೂಸು ಗಡಿಯಾರ ನೋಡಿ ಮಲಗುವುದಿಲ್ಲ. ಒಂದು ದಿನ 12.40ಕ್ಕೆ, ಇನ್ನೊಂದು ದಿನ 1.25ಕ್ಕೆ ಮಲಗುತ್ತದೆ, ಒಮ್ಮೆ 40 ಮಿಲಿ ಹಾಲು ಬಿಡುತ್ತದೆ. ಆಯಾ ಹೊತ್ತಿಗೆ ಬರೆದ ಹಾಳೆ ಗಲೀಜಾಗಿರುತ್ತದೆ, ಅಂಥದ್ದನ್ನೇ ನಂಬಿ. ಫೋಟೊಗಳ ಕಥೆಯೂ ಅದೇ. ಹತ್ತೂ ಫೋಟೊ 11.10ರಿಂದ 11.25ರೊಳಗೆ ತೆಗೆದವು, ದಿನವಿಡೀ ಒಂದೊಂದಾಗಿ ಆಪ್‌ಗೆ ಹಾಕಿದವು. ಕಿಟಕಿಯ ಬಿಸಿಲು ಎಲ್ಲ ಫೋಟೊದಲ್ಲೂ ನೆಲದ ಅದೇ ಜಾಗದಲ್ಲಿ ಬಿದ್ದಿತ್ತು.

ಟೀಚರ್ ಕೆಟ್ಟವರು ಅಂತ ಹೇಳಿ ಮುಗಿಸಿದರೆ ವಿಷಯ ತಪ್ಪಿಹೋಗುತ್ತದೆ. ಆ ಕೋಣೆಯಲ್ಲಿ ಒಬ್ಬರೇ ಆರು ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಲೆಕ್ಕ ಹಾಕಿ. ಈ ವಯಸ್ಸಿನ ಮಗುವಿಗೆ 8 ಗಂಟೆಯಲ್ಲಿ ಮೂರು ಸಲ ಹಾಲು ಅಥವಾ ಊಟ, ಒಂದಕ್ಕೆ 20 ನಿಮಿಷ. ಡೈಪರ್ ನಾಲ್ಕು ಸಲ, ಕೈ ತೊಳೆದು ಹಾಸು ಒರೆಸುವುದೂ ಸೇರಿ ಒಂದಕ್ಕೆ 5 ನಿಮಿಷ. ಒಂದು ಮಗುವಿಗೆ 80 ನಿಮಿಷ, ಆರಕ್ಕೆ 480. ಅಂದರೆ ಸರಿಯಾಗಿ 8 ಗಂಟೆ. ಎತ್ತಿಕೊಳ್ಳುವುದಕ್ಕೆ, ಸಮಾಧಾನ ಮಾಡುವುದಕ್ಕೆ, ಮಲಗಿಸುವುದಕ್ಕೆ, ತಾವು ಒಂದು ಲೋಟ ನೀರು ಕುಡಿಯುವುದಕ್ಕೆ ಒಂದು ನಿಮಿಷವೂ ಇಲ್ಲ. ಅಂಥ ಕೋಣೆಯಲ್ಲಿ ಬೆಲ್ಟ್ ಇರುವ ಸೀಟೇ ಎರಡನೇ ಟೀಚರ್. ಒಂದು ವರ್ಷದೊಳಗಿನ ಮೂರು, ಹೆಚ್ಚೆಂದರೆ ನಾಲ್ಕು ಮಕ್ಕಳಿಗೆ ಒಬ್ಬರಿರಬೇಕು ಅನ್ನುವುದು ಇದಕ್ಕೇ. ಬೆಂಕಿ ಬಿದ್ದರೆ ಒಬ್ಬರು ಎರಡು ಕೈಯಲ್ಲಿ ಎಷ್ಟು ಕೂಸು ಎತ್ತಿಕೊಂಡು ಓಡಬಹುದು ಅಂತಲೂ ಯೋಚಿಸಿ.

ಹಾಗಂತ ‘ಎಷ್ಟು ಮಕ್ಕಳಿಗೆ ಎಷ್ಟು ಜನ’ ಎಂದು ಕೇಳಬೇಡಿ. ಆಫೀಸಿನವರು, ಅಡುಗೆಯವರು, ಮಾಲೀಕರು ಎಲ್ಲರನ್ನೂ ಸೇರಿಸಿ ಭಾಗಿಸಿದ ಸಂಖ್ಯೆ ಸಿಗುತ್ತದೆ. ‘ಮಧ್ಯಾಹ್ನ 1.30ಕ್ಕೆ ಈ ಕೋಣೆಯಲ್ಲಿ ಯಾರ್ಯಾರು ಇರುತ್ತಾರೆ? ಅವರು ಊಟಕ್ಕೆ ಹೋದಾಗ ಯಾರು ಬರುತ್ತಾರೆ?’ ಎಂದು ಹೆಸರು ಹಿಡಿದು ಕೇಳಿ. ಬಾಗಿಲು ತೆರೆಯುವ ಮೊದಲ ಅರ್ಧ ಗಂಟೆ, ಮುಚ್ಚುವ ಕೊನೆಯ ಅರ್ಧ ಗಂಟೆಯ ಬಗ್ಗೆಯೂ ಕೇಳಿ. ಎಲ್ಲ ವಯಸ್ಸಿನ ಮಕ್ಕಳನ್ನೂ ಒಂದೇ ಕೋಣೆಗೆ ತುಂಬುವುದು ಆಗಲೇ. ಮೂರು ವರ್ಷದವನ ಆಟದ ಸಾಮಾನಿನ ಚೂರು ಏಳು ತಿಂಗಳ ಕೂಸಿನ ಬಾಯಿಗೆ ಹೋಗುವುದೂ ಆಗಲೇ.

ಕಾರ್ ಸೀಟಿನಲ್ಲಿ ಮಲಗಿದರೆ ಏನಾಯಿತು ಎನ್ನುವವರಿದ್ದಾರೆ. ಕೂಸಿನ ತಲೆ ಭಾರ, ಕುತ್ತಿಗೆಗೆ ಬಲ ಕಡಿಮೆ. ನಿದ್ದೆ ಹತ್ತಿದಾಗ ತಲೆ ಮುಂದಕ್ಕೆ ವಾಲಿ ಗಲ್ಲ ಎದೆಗೆ ತಾಗುತ್ತದೆ, ಶ್ವಾಸನಾಳ ಮಡಚಿದ ಪೈಪಿನಂತಾಗುತ್ತದೆ. ಕೂಸು ಅಳುವುದಿಲ್ಲ, ಒದ್ದಾಡುವುದಿಲ್ಲ. ಸದ್ದೇ ಇರುವುದಿಲ್ಲವಾದ್ದರಿಂದ ‘ಚೆನ್ನಾಗಿ ಮಲಗಿದೆ’ ಎಂದೇ ಕಾಣುತ್ತದೆ. ಬೌನ್ಸರ್ (ಕೂಸನ್ನು ಒರಗಿಸಿ ಕೂರಿಸುವ ಪುಟಿಯುವ ಸೀಟು), ಉಯ್ಯಾಲೆ ಸೀಟುಗಳಿಗೂ ಇದೇ ಮಾತು. ಒಂದು ವರ್ಷ ತುಂಬುವವರೆಗೆ ಮಗು ಮಲಗಬೇಕಾದ್ದು ಅಂಗಾತ, ಸಮತಟ್ಟಾದ ಗಟ್ಟಿ ಹಾಸಿನ ಮೇಲೆ. ದಿಂಬು, ಹೊದಿಕೆ, ಗೊಂಬೆ ಯಾವುದೂ ಬೇಡ. ಹಾಸನ್ನು ಅಂಗೈಯಿಂದ ಒತ್ತಿ ನೋಡಿ, ಕೈ ತೆಗೆದ ಮೇಲೂ ಗುಳಿ ಉಳಿದರೆ ಅದು ಮೆತ್ತಗಿದೆ. ಕ್ರಿಬ್‌ನ (ಸುತ್ತ ಕಂಬಿ ಇರುವ ಕೂಸಿನ ಮಂಚ) ಕಂಬಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಜಾಗ ಇರಬಾರದು, ಹಾಸು ಮತ್ತು ಕಂಬಿಯ ನಡುವೆ ಎರಡು ಬೆರಳು ತೂರಬಾರದು. ಮಲಗುವ ಕೋಣೆಯನ್ನು ಕತ್ತಲು ಮಾಡಿದ್ದರೆ ಬಾಗಿಲಲ್ಲಿ ನಿಂತು ನೋಡಿ: ಮಗುವಿನ ತುಟಿಯ ಬಣ್ಣ ಕಾಣಬೇಕು.

‘ನಮ್ಮಲ್ಲಿ ಎಲ್ಲ ಮಕ್ಕಳನ್ನೂ ಬೋರಲು ಹಾಕ್ತೀವಿ, ಚೆನ್ನಾಗಿ ನಿದ್ದೆ ಮಾಡ್ತಾವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಮನೆಯಲ್ಲಿ ಅಂಗಾತ ಮಲಗಿ ರೂಢಿಯಾದ ಕೂಸನ್ನು ಹೊಸ ಜಾಗದಲ್ಲಿ ಬೋರಲು ಮಲಗಿಸುವುದು ಇನ್ನೂ ಅಪಾಯ.

ಹಾಲಿನ ವಿಷಯದಲ್ಲಿ ಫ್ರಿಜ್ ತೆಗೆಸಿ ನೋಡಿ. ಪ್ರತಿ ಬಾಟಲಿಯ ಮೇಲೆ ಹೆಸರು, ದಿನಾಂಕ, ಸಮಯ ಇರಬೇಕು. ಕಲಸಿದ ಫಾರ್ಮುಲಾ ಹಾಲು ಹೊರಗಿಟ್ಟರೆ 2 ಗಂಟೆಯೊಳಗೆ ಮುಗಿಯಬೇಕು, ಮಗು ಬಾಯಿ ಹಚ್ಚಿದ್ದಾದರೆ 1 ಗಂಟೆಯೊಳಗೆ. ಉಳಿದದ್ದನ್ನು ಚೆಲ್ಲಬೇಕು, ಮತ್ತೆ ಫ್ರಿಜ್‌ಗೆ ಇಡುವುದಲ್ಲ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಬಾಟಲಿ ಮುಟ್ಟಲು ತಣ್ಣಗಿದ್ದು ಒಳಗೆ ಅಲ್ಲಲ್ಲಿ ಸುಡುವಷ್ಟು ಬಿಸಿ ಇರುತ್ತದೆ. ಕ್ರಿಬ್‌ಗಳ ಪಕ್ಕ ಸುತ್ತಿದ ಟವೆಲ್ ಬಿದ್ದಿದ್ದರೆ ಯಾಕೆಂದು ಕೇಳಿ. ಬಾಟಲಿಗೆ ಒತ್ತು ಕೊಟ್ಟು ಮಗುವಿನ ಬಾಯಿಗಿಟ್ಟು ಹೋಗಲು ಬಳಸುವುದು ಅದನ್ನೇ. ಹಾಲು ನೆತ್ತಿಗೇರಿದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಉಳಿದ ಸಂಗತಿಗಳಿಗೆ ನೆಲದ ಮೇಲೆ ಐದು ನಿಮಿಷ ಕೂತರೆ ಸಾಕು. ಮಗುವಿನ ಎತ್ತರದಿಂದ ನೋಡಿದಾಗ ಗೋಡೆಗೆ ಬಿಗಿಯದ ಕಪಾಟು, ಕಿಟಕಿಯ ಪರದೆಯ ನೇತಾಡುವ ಹಗ್ಗ, ಬಾಗಿಲ ಕೀಲಿನ ಸಂದು ತಾವಾಗಿ ಕಾಣುತ್ತವೆ. ಬಚ್ಚಲಲ್ಲಿ ಬಕೆಟ್ ಬೋರಲು ಇರಬೇಕು, ಕೂಸು ಮುಳುಗಲು 5 ಸೆಂ.ಮೀ. ನೀರೂ ಸಾಕು. ಬಿಸಿನೀರಿನ ನಲ್ಲಿ 49 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಸದ್ದು ಮಾಡುವ ಆಟಿಕೆಯ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಬಟನ್ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ 2 ಗಂಟೆಯಲ್ಲೇ ಅನ್ನನಾಳ ಸುಡಬಲ್ಲದು.

ಬಿಡುವಾಗ ಮಗು ಅಳುವುದನ್ನು ಇದಕ್ಕೆಲ್ಲ ತಳಕು ಹಾಕಬೇಡಿ. ಮೊದಲ ಕೆಲವು ವಾರ ಅದು ಇದ್ದದ್ದೇ. ನಡೆಯುವ ಮಗುವಿನ ಮೊಣಕಾಲು, ಹಣೆಯ ತರಚಲೂ ಹಾಗೆಯೇ. ಯೋಚಿಸಬೇಕಾದ್ದು ಕಿವಿ, ಕುತ್ತಿಗೆ, ಎದೆ, ಬೆನ್ನಿನ ಮೇಲೆ ಕಂದಿದ ಗುರುತು ಕಂಡರೆ, ಅಥವಾ ಇನ್ನೂ ಮಗುಚಿಕೊಳ್ಳಲೂ ಬಾರದ ಕೂಸಿನ ಮೈಮೇಲೆ ಎಲ್ಲಿಯೇ ಕಂದಿದ್ದರೂ. ಸಂಜೆ ಕರೆತರುವಾಗ ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಮನೆಗೆ ಹೋಗಬೇಡಿ, ನೇರ ವೈದ್ಯರ ಬಳಿಗೆ ಹೋಗಿ. ಶೀತದ ಔಷಧಿ ಕೊಟ್ಟು ಮಲಗಿಸುವವರೂ ಇದ್ದಾರೆ.

ಸೇರಿಸಿದ ಮೇಲೆ ಹೇಳದೆ ಕೇಳದೆ ಒಮ್ಮೆ ಮಧ್ಯಾಹ್ನ, ಒಮ್ಮೆ ಮುಚ್ಚುವ ಹೊತ್ತಿಗೆ ಹೋಗಿ. ಬಾಗಿಲಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳಿದರೆ ಬೇಸರಪಡಬೇಡಿ, ಅದು ಒಳ್ಳೆಯ ಲಕ್ಷಣ. ಗುರುತು ಸಿಕ್ಕ ಮೇಲೂ ಹತ್ತು ನಿಮಿಷ ಹೊರಗೇ ಕೂರಿಸಿದರೆ ಆ ಹತ್ತು ನಿಮಿಷದಲ್ಲಿ ಒಳಗೆ ಏನು ನಡೆಯುತ್ತಿದೆ ಎಂದು ಯೋಚಿಸಿ. ಇನ್ನೊಂದು: ಹತ್ತು ಮಕ್ಕಳಿರುವ ಕಡೆ ಗಲಾಟೆ ಇರಬೇಕು. ಮಲಗುವ ಹೊತ್ತಲ್ಲದೆ ಪಿಟಕ್ಕೆನ್ನದ ಕೋಣೆ ಕಂಡರೆ ಅಲ್ಲೇ ನಿಂತು ಗಮನಿಸಿ.

ಅನುಮಾನ ಗಟ್ಟಿಯಾದರೆ ಮೊದಲು ಜಗಳಕ್ಕೆ ಹೋಗಬೇಡಿ. ಗುರುತುಗಳ ಫೋಟೊ ತೆಗೆಯಿರಿ, ವೈದ್ಯರಿಂದ ಬರೆಸಿಕೊಳ್ಳಿ, ದಿನದ ಹಾಳೆಗಳನ್ನೆಲ್ಲ ನಕಲು ಮಾಡಿಟ್ಟುಕೊಳ್ಳಿ, ಮಗುವನ್ನು ಅಲ್ಲಿಗೆ ಬಿಡುವುದನ್ನು ನಿಲ್ಲಿಸಿ. ಡೇ ಕೇರ್‌ಗೆ ಪರವಾನಗಿ ಕೊಡುವ ಕಚೇರಿಗೆ ಲಿಖಿತ ದೂರು ಕೊಟ್ಟ ಮೇಲೆ ಮಾತಾಡಿದರಾಯಿತು. ಆ ಅಪ್ಪ ಅಮ್ಮ ಹಾಗೆ ಮಾಡದೆ, ಗೀಟಿನ ಡೈಪರ್ ಹಿಡಿದು ಅಂದೇ ಸಂಜೆ ನೇರ ಮಾಲೀಕರ ಬಳಿಗೆ ಹೋದರು. ಮೂರನೇ ದಿನ ಅವರ ಕೈಗೆ ಬಂದ ಹಾಳೆಯಲ್ಲಿ ನಿದ್ದೆ 12.50ಕ್ಕೆ ಶುರುವಾಗಿತ್ತು, ಹಾಲು 30 ಮಿಲಿ ಉಳಿದಿತ್ತು, ಬರಹ ಮೂರು ಬಣ್ಣದ ಪೆನ್ನಿನಲ್ಲಿತ್ತು. ತೊಡೆಯ ಸಂದಿಯ ಕೆಂಪು ಪಟ್ಟಿ ಮಾತ್ರ ಹಾಗೇ ಇತ್ತು.