ಡಾರ್ಕ್ ಸೋಲ್ಸ್ 2: ಹಳೆಯ ಮುಖಗಳನ್ನು ನೆಚ್ಚಿಕೊಳ್ಳದ ಮುಂದಿನ ಭಾಗ

ಆವೃತ್ತಿ: ಸ್ಕಾಲರ್ ಆಫ್ ದಿ ಫಸ್ಟ್ ಸಿನ್ (2015), ಪಿಸಿ
ಆಡಿದ ಊರು: ತೀರ್ಥಹಳ್ಳಿ
ಎಚ್ಚರಿಕೆ: ಸರಣಿಯ ಮೂರೂ ಆಟಗಳ ಕಥೆಯ ಗುಟ್ಟುಗಳು ಇಲ್ಲಿ ಬಯಲಾಗುತ್ತವೆ.

ಡಾರ್ಕ್ ಸೋಲ್ಸ್ ಎಂಬ ವಿಡಿಯೊ ಗೇಮ್ ಸರಣಿಯಲ್ಲಿ ಹೆಚ್ಚು ಬೈಗುಳ ತಿಂದದ್ದು ಎರಡನೆಯ ಆಟ. 2011ರ ಮೊದಲನೆಯದನ್ನೂ 2016ರ ಮೂರನೆಯದನ್ನೂ ನಿರ್ದೇಶಿಸಿದವರು ಹಿಡೆಟಾಕಾ ಮಿಯಾಝಾಕಿ. ನಡುವೆ 2014ರಲ್ಲಿ ಬಂದ ಇದು ಟೊಮೊಹಿರೊ ಶಿಬುಯಾ ಮತ್ತು ಯುಯಿ ತಾನಿಮುರಾ ಅವರದು. ಆ ಕಾರಣಕ್ಕೇ ಇದನ್ನು ಮಲಮಗುವಿನಂತೆ ಕಂಡವರು ಬಹಳ. ನನ್ನ ಬಳಿ ಮೂರೂ ಇವೆ. ವರ್ಷಗಟ್ಟಲೆ ಆಡಿದ ಮೇಲೂ, ಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನಗಳಲ್ಲಿ ನಾನು ತೆರೆಯುವುದು ಎರಡನೆಯದನ್ನೇ. ಅದು ತನ್ನದೇ ಲೋಕವೊಂದನ್ನು ಕಟ್ಟಿಕೊಂಡಿದೆ. ನನಗೆ ಬೇಕಾದದ್ದು ಅದು.

ಹಳೆಯ ಆಟದ ಪಾತ್ರ, ಜಾಗ, ಸಂಗೀತವನ್ನು ಮತ್ತೆ ತಂದು ಅಭಿಮಾನಿಗಳ ಮನ ತಣಿಸುವುದನ್ನು ಆಟಗಾರರು ಫ್ಯಾನ್ ಸರ್ವಿಸ್ ಎನ್ನುತ್ತಾರೆ. ಮೂರನೆಯ ಆಟದಲ್ಲಿ ಅದು ಧಾರಾಳವಾಗಿದೆ. ಮೊದಲ ಆಟದ ಕಮ್ಮಾರ ಆಂಡ್ರೆ ಇಲ್ಲಿಯೂ ಸುತ್ತಿಗೆ ಹಿಡಿದು ಕುಳಿತಿದ್ದಾನೆ. ಅಂದಿನ ಈರುಳ್ಳಿಯಾಕಾರದ ಕವಚದ ಯೋಧನಂಥವನೇ ಇನ್ನೊಬ್ಬ ಸಿಗುತ್ತಾನೆ. ಕೊನೆಗೆ ದೇವತೆಗಳ ನಗರ ಅನೋರ್ ಲೊಂಡೊ ಕೂಡ ಎದುರಾಗುತ್ತದೆ. ಮೊದಲ ಸಲ ಆ ಮೆಟ್ಟಿಲುಗಳನ್ನು ಕಂಡಾಗ ನನಗೂ ರೋಮಾಂಚನವಾಗಿತ್ತು. ಮತ್ತೆ ಆಡುವಾಗ ಆ ರೋಮಾಂಚನ ಬರುವುದಿಲ್ಲ. ಗುರುತು ಹಿಡಿಯುವ ಖುಷಿ ಒಂದೇ ಬಾರಿಗೆ ಖರ್ಚಾಗುವಂಥದ್ದು.

ಎರಡನೆಯ ಆಟ ನಡೆಯುವುದು ಡ್ರ್ಯಾಂಗ್ಲೀಕ್ ಎಂಬ ಬೇರೆಯೇ ನೆಲದಲ್ಲಿ. ಅಲ್ಲಿ ಹಿಂದೆ ಎಷ್ಟೋ ರಾಜ್ಯಗಳು ಎದ್ದು ಬಿದ್ದಿವೆ. ಅವುಗಳ ಹೆಸರು ಯಾರ ನೆನಪಿನಲ್ಲೂ ಉಳಿದಿಲ್ಲ. ಮೊದಲ ಆಟದಲ್ಲಿ ನಾವು ಬೆವರು ಸುರಿಸಿ ಎದುರಿಸಿದ ದೇವತೆಗಳು ಇಲ್ಲಿನವರಿಗೆ ಯಾರೋ ಏನೋ. ಇಡೀ ಆಟದ ವಿಷಯವೇ ಮರೆವು. ಹಾಗಿರುವಾಗ ಹಳೆಯ ಮುಖಗಳು ಸಾಲಾಗಿ ಬಂದು ಕೈ ಬೀಸಿದ್ದರೆ ಕಥೆ ಅಲ್ಲಿಯೇ ಸುಳ್ಳಾಗುತ್ತಿತ್ತು. ಇದನ್ನು ಕೊರತೆ ಎಂದು ದೂರಿದವರು ಆಟದ ಜೀವಾಳವನ್ನೇ ದೂರಿದರು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಮರೆವು ಆಟದ ನಿಯಮಗಳಲ್ಲೂ ಸೇರಿಕೊಂಡಿದೆ. ಸತ್ತಷ್ಟೂ ನಮ್ಮ ಪ್ರಾಣಶಕ್ತಿಯ ಮಿತಿ ಇಳಿಯುತ್ತಾ ಅರ್ಧದವರೆಗೆ ಕುಸಿಯುತ್ತದೆ. ಒಬ್ಬನೇ ಶತ್ರುವನ್ನು 12 ಸಲ ಕೊಂದರೆ ಅವನು ಮರಳಿ ಹುಟ್ಟುವುದಿಲ್ಲ. ಕಷ್ಟದ ದಾರಿಯೊಂದನ್ನು ಹಟ ಹಿಡಿದು ಹಾಯ್ದು ಹಾಯ್ದು ಕೊನೆಗೊಮ್ಮೆ ನೋಡಿದರೆ ಅಲ್ಲಿ ಯಾರೂ ಇಲ್ಲ, ನಾನೇ ಆ ಜಾಗವನ್ನು ಬರಿದು ಮಾಡಿದ್ದೇನೆ.

ಲೂಕಾಟಿಯೆಲ್ ಎಂಬ ಯೋಧೆಯನ್ನು ನಾನು ಮರೆಯಲಾರೆ. ಅಣ್ಣನನ್ನು ಹುಡುಕಿಕೊಂಡು ಮಿರಾ ಎಂಬ ದೂರದೇಶದಿಂದ ಬಂದವಳು. ಶಾಪದಿಂದ ಮುಖ ಕೊಳೆಯುತ್ತಿದೆ, ಮುಖವಾಡ ತೊಟ್ಟಿದ್ದಾಳೆ. ಪ್ರತಿ ಭೇಟಿಯಲ್ಲೂ ಅವಳ ನೆನಪು ಇನ್ನಷ್ಟು ಸವೆದಿರುತ್ತದೆ. ಕೊನೆಯ ಭೇಟಿಯಲ್ಲಿ ಅವಳು ಕೇಳುವುದು ಇಷ್ಟೇ: ನನ್ನ ಹೆಸರನ್ನು ನೀನಾದರೂ ನೆನಪಿಟ್ಟುಕೋ. ಮೊದಲ ಆಟವನ್ನು ಆಡದವರಿಗೂ ಈ ಮಾತು ಅಷ್ಟೇ ಆಳಕ್ಕೆ ಇಳಿಯುತ್ತದೆ.

ರಾಜ ವೆಂಡ್ರಿಕ್‌ನ ಪ್ರಸಂಗ ಇದಕ್ಕಿಂತ ದೊಡ್ಡದು. ಆರಂಭದಿಂದ ಎಲ್ಲರೂ ಅವನನ್ನು ಕಾಣು ಎನ್ನುತ್ತಾರೆ. ಅವನು ಸಮುದ್ರ ದಾಟಿ ದೈತ್ಯರ ನಾಡಿನ ಮೇಲೆ ಬಿದ್ದದ್ದು, ದೈತ್ಯರು ಸೇಡಿಗೆ ಬಂದದ್ದು, ಆ ಯುದ್ಧಕ್ಕೆ ಹುರಿದುಂಬಿಸಿದವಳು ರಾಣಿ ನಶಾಂಡ್ರಾ ಎಂಬುದು ತುಣುಕು ತುಣುಕಾಗಿ ತಿಳಿಯುತ್ತದೆ. ಅರಮನೆಗೆ ಹೋದರೆ ರಾಜನಿಲ್ಲ. ನೆಲದಡಿಯ ಸಮಾಧಿಗಳಿಗೆ ಇಳಿದು, ಬಾಗಿಲು ಕಾಯುವ ನಿಷ್ಠ ಸೇವಕನನ್ನು ಸೋಲಿಸಿ ಒಳಗೆ ಕಾಲಿಟ್ಟಾಗ ಕಾಣುವುದು ಬುದ್ಧಿ ಕಳೆದುಕೊಂಡು, ಮೈಮೇಲೆ ಬಟ್ಟೆಯಿಲ್ಲದೆ, ಕತ್ತಿ ಎಳೆಯುತ್ತಾ ಸುತ್ತುತ್ತಿರುವ ಮುದಿ ದೇಹ. ಅವನ ಉಡುಪು ನೆಲದ ಮೇಲಿದೆ, ಅದರಲ್ಲಿ ಉಂಗುರ. ಎತ್ತಿಕೊಂಡು ಹೊರಟರೆ ಅವನು ತಿರುಗಿಯೂ ನೋಡುವುದಿಲ್ಲ. ಎಲ್ಲ ಆಟಗಳೂ ಅಬ್ಬರದ ಕಾಳಗ ಇಡುವ ಜಾಗದಲ್ಲಿ ಈ ಆಟ ಕಾಳಗವನ್ನೇ ಕಡ್ಡಾಯ ಮಾಡಲಿಲ್ಲ. ಈ ದೃಶ್ಯಕ್ಕೆ ಹಳೆಯ ಆಟದ ಒಂದು ಚೂರೂ ಬೇಕಾಗಲಿಲ್ಲ.

ಚಿಕ್ಕಪ್ಪನ ಮಗ ಮೂರನೆಯ ಆಟದ ಪಕ್ಷ. ಶಿವಮೊಗ್ಗದಿಂದ ಬಂದಾಗಲೆಲ್ಲ ಇದೇ ಚರ್ಚೆ. "ಅಣ್ಣ, ಲೋಕ ಉಳಿಯಲೆಂದು ಮತ್ತೆ ಮತ್ತೆ ಹೊತ್ತಿಸಿದ ಬೆಂಕಿ ಆರುತ್ತಿರುವುದೇ ಅದರ ಕಥೆ. ಹಳೆಯದು ಮರಳಿ ಬರದೆ ಇನ್ನೇನು ಬರಬೇಕು?" ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಅನೋರ್ ಲೊಂಡೊದಲ್ಲಿ ಮೊದಲ ಆಟದ ದೈತ್ಯ ಕಮ್ಮಾರನ ಹೆಣ ಬಿದ್ದಿರುವುದನ್ನು ಕಂಡಾಗ ಕಾಲ ಕಳೆದದ್ದು ಎದೆಗೆ ತಟ್ಟುತ್ತದೆ. ಕೊನೆಯ ಬಾಸ್, ಅಂದರೆ ದೊಡ್ಡ ಎದುರಾಳಿ, ಅರ್ಧ ಸೋತ ಮೇಲೆ ಮೊದಲ ಆಟದ ಕೊನೆಯಲ್ಲಿ ಎದುರಾಗಿದ್ದ ಹಳೆಯ ದೊರೆ ಗ್ವಿನ್‌ನ ವರಸೆಯಲ್ಲಿ ಎದ್ದು ನಿಂತಾಗ, ಪಿಯಾನೊದ ಆ ಹಳೆಯ ಸ್ವರಗಳು ಕೇಳಿದಾಗ, ನಾನೂ ಸುಮ್ಮನಾಗುತ್ತೇನೆ.

ನಮ್ಮ ಕಡೆ ಮಳೆಗಾಲದ ತಾಳಮದ್ದಲೆಗೆ ಕೂರುವವರಿಗೆ ಕರ್ಣ ಸಾಯುತ್ತಾನೆಂಬುದು ಮೊದಲೇ ಗೊತ್ತು. ಭಾಗವತರ ಪದ್ಯವೂ ಗೊತ್ತು. ಕೂರುವುದು ಈ ಅರ್ಥಧಾರಿ ಇಂದು ಕರ್ಣನ ಬಾಯಲ್ಲಿ ಏನು ಹೇಳಿಸುತ್ತಾನೆ ಎಂದು ಕೇಳುವುದಕ್ಕೆ. ಪಾತ್ರ ಹಳೆಯದಿರಲಿ, ಅರ್ಥ ಹೊಸದಾಗಿರಬೇಕು. ಗ್ವಿನ್‌ನ ಮರಳುವಿಕೆಯಲ್ಲಿ ಆ ಹೊಸ ಅರ್ಥವಿದೆ. ಆಂಡ್ರೆ ಬಂದು ಕುಳಿತದ್ದರಲ್ಲಿ ಅದಿಲ್ಲ. ಚಪ್ಪಾಳೆ ಬಿತ್ತು, ಮಾತು ಹುಟ್ಟಲಿಲ್ಲ. ಮೂರನೆಯ ಆಟದಲ್ಲಿ ನನಗೆ ನಿಜಕ್ಕೂ ಪ್ರಿಯವಾದದ್ದು ಸೇತುವೆಯಾಚೆ ಬೆಳದಿಂಗಳಲ್ಲಿ ಹೊಳೆಯುವ ಇರಿಥಿಲ್ ನಗರ. ಅದು ಆ ಆಟದ್ದೇ ಸ್ವಂತ ಸೃಷ್ಟಿ.

ಎರಡನೆಯ ಆಟವೂ ಹಳೆಯದನ್ನು ಪೂರ್ತಿ ಬಿಟ್ಟಿಲ್ಲ. ಮೊದಲ ಆಟದ ಯೋಧ ಆರ್ನ್‌ಸ್ಟೈನ್‌ನನ್ನು ಹೋಲುವ ಡ್ರ್ಯಾಗನ್‌ಬೇಟೆಗಾರ ಸುಳಿವಿಲ್ಲದೆ ಒಂದು ಕಡೆ ಎದುರಾಗುತ್ತಾನೆ. ಆಟದ ಅತ್ಯಂತ ಸಪ್ಪೆ ಕಾಳಗಗಳಲ್ಲಿ ಅದೂ ಒಂದು. ಇದಕ್ಕೆ ಪೂರ್ಣ ವಿರುದ್ಧವಾದದ್ದು ಮೇನಸ್‌ನ ಎಳೆ. ಮೊದಲ ಆಟದಲ್ಲಿ ಸೋತ ಆ ಕತ್ತಲೆಯ ಜೀವಿ ಚೂರುಚೂರಾಗಿ, ಆ ಚೂರುಗಳು ಹೆಣ್ಣುರೂಪ ತಾಳಿ ರಾಜರ ಬಳಿಗೆ ಹೋದವು. ಒಬ್ಬಳಲ್ಲಿ ಆಸೆ, ಒಬ್ಬಳಲ್ಲಿ ಕ್ರೋಧ, ಒಬ್ಬಳಲ್ಲಿ ಒಂಟಿತನ, ಮತ್ತೊಬ್ಬಳಲ್ಲಿ ಭಯ. ಭಯದ ಚೂರಾದ ಅಲ್ಸನ್ನಾ ಹಿಮದ ನಾಡಿನ ದಂತರಾಜನನ್ನು ಸೇರಿದಳು. ಅವಳು ಏನೆಂದು ತಿಳಿದೂ ಅವನು ಪ್ರೀತಿಸಿದ. ಕೊನೆಗೆ ನಗರದಡಿಯ ಬೆಂಕಿಯ ಪ್ರಳಯವನ್ನು ತಡೆಯಲು ತಾನೇ ಅದರೊಳಗೆ ಇಳಿದ. ಅವಳು ಅಲ್ಲಿಯೇ ಕಾದು ಪ್ರಾರ್ಥಿಸುತ್ತಾ ಉಳಿದಳು. ಹಳೆಯ ಎಳೆಯೊಂದರಿಂದ ಇಷ್ಟು ಹೊಸ ಬಟ್ಟೆ ನೇಯ್ದ ಮುಂದಿನ ಭಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೋಷಗಳಿವೆ, ಸಣ್ಣವಲ್ಲ. ಮೊದಲ ಆಟದಲ್ಲಿ ಚರ್ಚಿನ ಲಿಫ್ಟ್ ಇಳಿದು ಹೊರಬಂದರೆ ನಾವು ಪಯಣ ಹೊರಟಿದ್ದ, ದಣಿವಾರಿಸಿಕೊಳ್ಳುವ ಬೆಂಕಿಯ ಬಳಿಯೇ ಬಂದು ನಿಲ್ಲುತ್ತೇವೆ. ಆ ಭೂಪಟದ ಹೆಣಿಗೆ ಇಲ್ಲಿಲ್ಲ. ಗಾಳಿಯಂತ್ರದ ಗೋಪುರದ ತುದಿಯಿಂದ ಲಿಫ್ಟಿನಲ್ಲಿ ಇನ್ನೂ ಮೇಲೇರಿದರೆ ಲಾವಾದಲ್ಲಿ ಮುಳುಗುತ್ತಿರುವ ಕೋಟೆ ಸಿಗುತ್ತದೆ. ಹೊರಗಿನಿಂದ ನೋಡಿದರೆ ಆ ಗೋಪುರದ ಮೇಲೆ ಆಕಾಶವಲ್ಲದೆ ಬೇರೇನಿಲ್ಲ. ಹೊಸ ಲೋಕ ಕಟ್ಟುತ್ತೇನೆ ಎಂದು ಹೊರಟವರು ಅದರ ಜೋಡಣೆಯಲ್ಲಿ ಇಂಥ ಬಿರುಕು ಬಿಟ್ಟದ್ದು ನನಗೆ ಇಂದಿಗೂ ನೋವು. ಶತ್ರುಗಳು ಗುಂಪುಗುಂಪಾಗಿ ಮುತ್ತುವ ಕೆಲವು ಕಡೆ ಕಷ್ಟ ಹೋಗಿ ಬರೀ ಕಾಟ ಉಳಿಯುತ್ತದೆ.

ಮಲೆನಾಡಿನಲ್ಲಿ ಆಡುವವರಿಗೆ ಎರಡು ಮಾತು. ಆಟದಲ್ಲಿ ವಿರಾಮದ ಗುಂಡಿ ಇಲ್ಲ. ಗುಡುಗು ಶುರುವಾದೊಡನೆ ಮೆನುವಿಗೆ ಹೋಗಿ ಹೊರಬನ್ನಿ. ಆಟ ನಿಂತ ಜಾಗದಲ್ಲೇ ಉಳಿಯುತ್ತದೆ. ನನ್ನಲ್ಲಿ ಯುಪಿಎಸ್ ಇಲ್ಲದಿದ್ದಾಗ ಕಾಳಗದ ನಡುವೆಯೇ ಕರೆಂಟು ಹೋದದ್ದುಂಟು, ಉಳಿಸಿದ ಆಟ ಮಾತ್ರ ಈವರೆಗೆ ಕೆಟ್ಟಿಲ್ಲ. ಅಂತರ್ಜಾಲ ಇಲ್ಲದೆಯೂ ಪೂರ್ತಿ ಆಡಬಹುದು. 2022ರ ಜನವರಿಯಲ್ಲಿ ಭದ್ರತಾ ದೋಷದಿಂದ ಸರಣಿಯ ಪಿಸಿ ಸರ್ವರ್‌ಗಳನ್ನು ನಿಲ್ಲಿಸಿದ್ದರು. ಈ ಆಟದ್ದು ಮರಳಿದ್ದು ಅಕ್ಟೋಬರ್‌ನಲ್ಲಿ. ಆ ತಿಂಗಳುಗಳಲ್ಲಿ ಬೇರೆ ಆಟಗಾರರು ನೆಲದ ಮೇಲೆ ಬರೆದಿಡುವ ಸಂದೇಶಗಳಿಲ್ಲದೆ ಡ್ರ್ಯಾಂಗ್ಲೀಕ್ ಇನ್ನಷ್ಟು ಬಿಕೋ ಎನ್ನುತ್ತಿತ್ತು.

ಕೊಳ್ಳುವುದಾದರೆ ಸ್ಕಾಲರ್ ಆವೃತ್ತಿಯನ್ನೇ ಕೊಳ್ಳಿ. ಮೂರು ಕಿರೀಟಗಳ ಹೆಚ್ಚುವರಿ ಅಧ್ಯಾಯಗಳು ಅದರಲ್ಲೇ ಇವೆ. ಸಾಧಾರಣ ಲ್ಯಾಪ್‌ಟಾಪ್ ಸಾಕು, ಕಂಟ್ರೋಲರ್ ಬೇಕು. ನಿಮ್ಮ ಪಾತ್ರದ ಸಾಮರ್ಥ್ಯಗಳಲ್ಲಿ ಅಡಾಪ್ಟಬಿಲಿಟಿ ಎಂಬ ಅಂಶವನ್ನು ಬೇಗ ಏರಿಸಿ, ಇಲ್ಲದಿದ್ದರೆ ಏಟು ತಪ್ಪಿಸಲು ಸರಿಯಾದ ಹೊತ್ತಿಗೆ ಉರುಳಿದರೂ ಏಟು ಬೀಳುತ್ತದೆ. ಆಟದ ನೆಲೆಯೂರಾದ ಮಜುಲಾದಿಂದ ಹೊರಟಾಗ ಮೊದಲು ಬಿದ್ದ ದೈತ್ಯರ ಕಾಡಿನ ದಾರಿ ಹಿಡಿಯಿರಿ. ದಂತರಾಜನ ಅಧ್ಯಾಯವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಅಲ್ಸನ್ನಾಳನ್ನು ಒಂದೇ ಸಲ ಮಾತನಾಡಿಸಿ ಮುಂದೆ ಹೋಗಬೇಡಿ. ಕಥೆ ಸಾಗಿದಂತೆ ಅವಳಲ್ಲಿಗೆ ಮತ್ತೆ ಮತ್ತೆ ಹಿಂದಿರುಗಿ ಕೇಳಿ.